ಮೂರು ಕ್ಯಾಸೆಟ್, ಒಬ್ಬ ರಾಜ, ಏಳು ದಿನ

ಮೊದಲ ದಿನ, ಜುಲೈ 27

ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ವೈರೇ ಜಾಸ್ತಿ ಇತ್ತು. ಹಳೆಯ ವಿಸಿಆರ್ ಒಂದು, ವಿಡಿಯೋವನ್ನು ಲ್ಯಾಪ್‌ಟಾಪಿಗೆ ಇಳಿಸುವ ಪುಟ್ಟ ಡಬ್ಬಿ, ಸಣ್ಣ ಸ್ಕ್ರೂಡ್ರೈವರುಗಳು, ಒಂದು ಕಟ್ಟು ಹತ್ತಿ. ಟೊರೊಂಟೊದಿಂದ ಐದು ಗಂಟೆ ಹಾರಿ ಟ್ರಿನಿಡಾಡ್‌ನ ಪಿಯಾರ್ಕೊ ವಿಮಾನ ನಿಲ್ದಾಣದಲ್ಲಿ ಇಳಿದೆ. ತಪಾಸಣೆಯವರು ವಿಸಿಆರನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ಆಮೇಲೆ ನನ್ನ ಮುಖ ನೋಡಿದರು.

“ಮಾರೋಕೆ ತಂದಿದ್ದಾ?”

“ಇದನ್ನ ಈಗ ಯಾರು ಕೊಳ್ತಾರೆ ಸಾರ್?”

ಅವರಿಗೂ ನಗು ಬಂತು. ಹೋಗು ಎಂದು ಕೈ ಬೀಸಿದರು.

ಇದೆಲ್ಲ ಶುರುವಾಗಿದ್ದು ಆಫೀಸಿನ ಕ್ಯಾಂಟೀನಿನಲ್ಲಿ. ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನ ಸ್ಟುಡಿಯೋ ಇತ್ತು. 1988ರಲ್ಲಿ ನನಗೆ ಹದಿನಾಲ್ಕು ವರ್ಷ. ರಜೆ ಬಂತೆಂದರೆ ಚಿಕ್ಕಪ್ಪನ ಜೊತೆ ಮದುವೆ ಮನೆಗಳಿಗೆ ಹೋಗಿ ವಿಡಿಯೋ ಲೈಟ್ ಹಿಡಿಯುವುದು ನನ್ನ ಕೆಲಸ. ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಈಗಲೂ ಶನಿವಾರ ಭಾನುವಾರ ಕೂತು ಅವರಿವರ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಇದು ಗೊತ್ತಾಗಿ ಟ್ರಿನಿಡಾಡ್‌ನ ಸಹೋದ್ಯೋಗಿಯೊಬ್ಬರು, “ನಮ್ಮ ಅಂಕಲ್ ಹತ್ತಿರ ಮೂರು ಕ್ಯಾಸೆಟ್ ಇದೆ. ನೈಜೀರಿಯಾದ ರಾಜರು ಬಂದಾಗ ತಾವೇ ತೆಗೆದಿದ್ದು. ಅಂಚೆಯಲ್ಲಿ ಕಳಿಸಿ ಅಂದ್ರೆ ಒಪ್ಪಲ್ಲ,” ಎಂದರು. ಒಂದು ವಾರ ರಜೆ ಹಾಕಿದೆ.

ರಾಜ ಎಂದರೆ ಇಲೆ-ಇಫೆಯ ಓನಿ. ಓನಿ ಎನ್ನುವುದು ಹೆಸರಲ್ಲ, ಪಟ್ಟ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರಿಗೆ ಇಫೆಯೇ ಲೋಕದ ಮೊದಲ ಊರು. ಎಲ್ಲೆಲ್ಲೂ ಬರೀ ನೀರಿದ್ದ ಕಾಲದಲ್ಲಿ ಒಡುದುವಾ ಸರಪಳಿ ಹಿಡಿದು ಆಕಾಶದಿಂದ ಇಳಿದನಂತೆ. ನೀರಿನ ಮೇಲೆ ಹಿಡಿ ಮಣ್ಣು ಸುರಿದು, ಮಣ್ಣಿನ ಮೇಲೆ ಕೋಳಿ ಬಿಟ್ಟನಂತೆ. ಕೋಳಿ ಕೆದಕಿದಷ್ಟು ದೂರ ಭೂಮಿ ಆಯಿತು. ಆ ಒಡುದುವಾನ ಪೀಠದಲ್ಲಿ ಕೂರುವವರೇ ಓನಿ. 1980ರಿಂದ 2015ರವರೆಗೆ ಅಲ್ಲಿ ಕೂತಿದ್ದವರು ಒಕುನಾಡೆ ಸಿಜುವಾಡೆ, ಅಂದರೆ ಎರಡನೇ ಒಲುಬುಸೆ. ಅವರು 1987ರಲ್ಲಿ ಕ್ಯೂಬಾಕ್ಕೆ ಹೋಗಿ ಫಿಡೆಲ್ ಕ್ಯಾಸ್ಟ್ರೊರನ್ನು ಭೇಟಿ ಮಾಡಿದ್ದರು. ಮರುವರ್ಷ ಟ್ರಿನಿಡಾಡ್‌ಗೆ ಬಂದರು. ಬ್ರಿಟಿಷರ ವಸಾಹತುಗಳಲ್ಲಿ ಗುಲಾಮಗಿರಿ ಪೂರ್ತಿಯಾಗಿ ತೊಲಗಿ 150 ವರ್ಷ ತುಂಬಿದ ವರ್ಷ ಅದು.

ಅಂಕಲ್ ಮನೆ ಪೋರ್ಟ್ ಆಫ್ ಸ್ಪೇನ್‌ನ ಬೆಲ್ಮಾಂಟ್‌ನಲ್ಲಿ. ಗುಡ್ಡದ ಬುಡದಲ್ಲಿ ಕಿರಿದಾದ ಓಣಿಗಳು. ಎದುರಿನಿಂದ ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು. ಬಿಡುಗಡೆ ಆದ ಆಫ್ರಿಕನ್ನರು ಬಂದು ನೆಲೆಸಿದ ಜಾಗ ಇದು. ಅಂಕಲ್‌ರ ಹೆಂಡತಿಯನ್ನು ಓಣಿಯಲ್ಲಿ ಎಲ್ಲರೂ ಟ್ಯಾಂಟಿ ಅಂತಾರೆ, ನಾನೂ ಹಾಗೇ ಕರೆದೆ. ಅವರು ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಂಡಿಯಾದ ಇಂಡಿಯನ್ನಾ? ಬಾ, ಮೊದಲು ಊಟ ಮಾಡು,” ಎಂದರು. ಪೆಲಾವ್ ಮಾಡಿದ್ದರು. ಸಕ್ಕರೆ ಕರಗಿಸಿ ಕಪ್ಪಾಗಿಸಿ ಅದರಲ್ಲಿ ಕೋಳಿ ಹುರಿದು, ಅಕ್ಕಿ, ತೊಗರಿಕಾಳು ಹಾಕಿ ಬೇಯಿಸಿದ್ದು. ಹೆಸರು ಕೇಳಿ ನಮ್ಮ ಪಲಾವ್ ಅಂದುಕೊಂಡರೆ ಮೊದಲ ತುತ್ತಿಗೆ ಗೊಂದಲ ಆಗುತ್ತದೆ. ಎರಡನೇ ತಟ್ಟೆಗೆ ಸರಿಹೋಗುತ್ತದೆ.

ಎರಡನೇ ದಿನ, ಜುಲೈ 28

ಅಂಕಲ್‌ಗೆ ಎಪ್ಪತ್ತೆಂಟು ವರ್ಷ. ಬಂದರಿನಲ್ಲಿ ಕ್ರೇನ್ ಓಡಿಸಿ ರಿಟೈರ್ ಆದವರು. ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಅಟ್ಟದಿಂದ ಒಂದು ಬಿಸ್ಕತ್ ಡಬ್ಬ ಇಳಿಸಿದರು.

“ಇವತ್ತು ಯಾವ ದಿನ ಗೊತ್ತಾ? ಓನಿ ಅಟ್ಟ ಹತ್ತಿದ ದಿನ.”

ನನಗೆ ಅರ್ಥ ಆಗಲಿಲ್ಲ. ಯೊರುಬಾದಲ್ಲಿ ರಾಜ ಸತ್ತ ಅಂತ ಹೇಳುವ ಹಾಗಿಲ್ಲವಂತೆ. ‘ಒಬಾ ವಾಜಾ’ ಅನ್ನಬೇಕು. ರಾಜ ಅಟ್ಟ ಸೇರಿದ ಎಂದು ಅರ್ಥ. ಸಿಜುವಾಡೆ ತೀರಿಕೊಂಡಿದ್ದು 2015ರ ಜುಲೈ 28ರಂದು, ಲಂಡನ್ನಿನಲ್ಲಿ. ಸುದ್ದಿ ಜಗತ್ತಿಗೆಲ್ಲ ಹರಡಿದ ಮೇಲೂ ಇಫೆಯ ಅರಮನೆಯವರು ಕೆಲವು ದಿನ ಇಲ್ಲ, ಓನಿ ಚೆನ್ನಾಗಿದ್ದಾರೆ ಎಂದೇ ಹೇಳುತ್ತಿದ್ದರು. ಶಾಸ್ತ್ರಗಳೆಲ್ಲ ಮುಗಿಯದೆ ಒಪ್ಪಿಕೊಳ್ಳುವ ಹಾಗಿಲ್ಲ.

ಡಬ್ಬದಲ್ಲಿ ಮೂರು ಕ್ಯಾಸೆಟ್. ಚೀಟಿಗಳ ಮೇಲೆ ನೀಲಿ ಪೆನ್ನಿನಲ್ಲಿ ಓನಿ 1, ಓನಿ 2, ಓನಿ 3. ಕಿಟಕಿ ಹತ್ತಿರ ಹಿಡಿದು ನೋಡಿದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು. ಇಲ್ಲಿಯ ಸೆಕೆ, ಮಳೆಗೆ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯ. ಐದು ಸ್ಕ್ರೂ ಬಿಚ್ಚಿ, ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ, ಟೇಪನ್ನು ಕೈಯಲ್ಲೇ ಸುತ್ತುತ್ತಾ ಒರೆಸಿದೆ. ಒಂದೊಂದು ಕ್ಯಾಸೆಟ್‌ಗೂ ಮೂರು ಗಂಟೆ ಹಿಡಿಯಿತು. ಮಧ್ಯೆ ಟ್ಯಾಂಟಿ ಬಂದು, “ಇದರ ಬದಲು ಹೊಸದೇ ತಗೋಬಹುದಿತ್ತಲ್ಲ,” ಅಂದು ಹೋದರು.

ಕ್ಯಾಮೆರಾ ಕೊಂಡಿದ್ದು ಹೇಗೆ ಅಂತ ಅಂಕಲ್ ಹೇಳಿದ್ದು ಕೇಳಿ ನನಗೆ ತಿಪಟೂರಿನಲ್ಲೇ ಕೂತ ಹಾಗಾಯಿತು. ಭುಜದ ಮೇಲೆ ಹೊರುವ ದೊಡ್ಡ ಕ್ಯಾಮೆರಾ. ಆಗ ಅದು ಯಾರ ಕೈಗೂ ಎಟಕುವ ಬೆಲೆ ಅಲ್ಲ. ಅಂಕಲ್ ಬಂದರಿನ ಗೆಳೆಯರ ಜೊತೆ ಸೂಸು ಹಾಕಿದ್ದರು. ತಿಂಗಳಿಗೆ ಎಲ್ಲರೂ ಒಂದಿಷ್ಟು ಕಟ್ಟುವುದು, ಒಬ್ಬೊಬ್ಬರು ಒಂದೊಂದು ತಿಂಗಳು ಪೂರ್ತಿ ದುಡ್ಡು ಎತ್ತುವುದು. ನಮ್ಮ ಚೀಟಿನೇ. ಸೂಸು ಎನ್ನುವ ಮಾತು ಯೊರುಬಾದ ‘ಎಸೂಸು’ದಿಂದ ಬಂದಿದ್ದು. ಹಡಗಿನ ತಳದಲ್ಲಿ ಕಟ್ಟಿ ತಂದ ಜನ ಏನನ್ನೂ ತರಲಾಗಲಿಲ್ಲ, ಚೀಟಿ ಹಾಕುವ ಲೆಕ್ಕ ಮಾತ್ರ ತಲೆಯಲ್ಲಿ ಬಂತು. ಟ್ಯಾಂಟಿ ಆ ವರ್ಷದ ಚೀಟಿಯಲ್ಲಿ ಫ್ರಿಜ್ ತಗೊಳ್ಳುವ ಯೋಚನೆ ಮಾಡಿದ್ದರು. ಆ ವಿಷಯ ಇನ್ನೂ ತಣ್ಣಗಾಗಿಲ್ಲ.

ಮೂರನೇ ದಿನ, ಜುಲೈ 29

ಬೆಳಿಗ್ಗೆ ಓಣಿಯ ಮೂಲೆಯಲ್ಲಿ ಡಬಲ್ಸ್ ತಿಂದೆ. ಎರಡು ಮೆತ್ತನೆಯ ಬಾರಾ, ಅಂದರೆ ಕರಿದ ರೊಟ್ಟಿ, ನಡುವೆ ಕಡಲೆಕಾಳಿನ ಪಲ್ಯ, ಮೇಲೆ ಖಾರ. ಕಬ್ಬಿನ ಗದ್ದೆಗೆ ಕೂಲಿಗೆಂದು ಬಂದ ನಮ್ಮವರ ಕೊಡುಗೆ. “ಸ್ವಲ್ಪ ಖಾರ” ಅಂದಿದ್ದಕ್ಕೇ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಓನಿ 1 ಹಾಕಿದೆ. ಮೊದಲು ಬರೀ ಗೆರೆಗಳು. ಟ್ರ್ಯಾಕಿಂಗ್ ಗುಂಡಿ ತಿರುಗಿಸಿದೆ. ಬಣ್ಣ ಮೂಡಿತು. ಅಂಕಲ್ ಉಸಿರು ಬಿಗಿಹಿಡಿದು ಕೂತಿದ್ದರು.

ಮೊದಲ ಹತ್ತು ನಿಮಿಷ ಬರೀ ಜನರ ಬೆನ್ನು. ಎಲ್ಲರೂ ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ. ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು ಹಿಂದಕ್ಕೆ ತಿರುಗಿ ಕ್ಯಾಮೆರಾವನ್ನೇ ನೋಡುತ್ತಿದೆ. ಅಂಕಲ್ ಅದನ್ನೇ ಒಂದು ನಿಮಿಷ ತೆಗೆದಿದ್ದಾರೆ. ಆಮೇಲೆ ಗದ್ದಲ. ಕ್ಯಾಮೆರಾ ಎಡಕ್ಕೆ ಓಡುತ್ತದೆ, ಬಲಕ್ಕೆ ಓಡುತ್ತದೆ, ಫೋಕಸ್ ಹುಡುಕುತ್ತದೆ. ಕಡೆಗೆ ದೂರದಲ್ಲಿ ಒಂದು ದೊಡ್ಡ ಛತ್ರಿ. ಛತ್ರಿ ತೇಲುತ್ತಾ ಹೋಗುತ್ತದೆ. ಅದರ ಕೆಳಗೆ ಯಾರೋ ಇದ್ದಾರೆ.

“ಅವರೇ!” ಎಂದರು ಅಂಕಲ್.

“ಛತ್ರಿ,” ಎಂದರು ಅಡುಗೆ ಮನೆಯಿಂದ ಟ್ಯಾಂಟಿ.

ಕ್ಯಾಸೆಟ್ ಪೂರ್ತಿ ಹೀಗೇ. ಒಂದು ಕಡೆ ಒಂದು ಕ್ಷಣ ಮಣಿಗಳ ಟೋಪಿ ಕಾಣುತ್ತದೆ. ಇನ್ನೊಂದು ಕಡೆ ಒಂದು ಕೈ, ಮಣಿಕಟ್ಟಿನ ತುಂಬ ಹವಳ. ನಾನು ಚಿಕ್ಕಪ್ಪನ ಶಿಷ್ಯ, ಒಳಗೊಳಗೇ ಬೈದುಕೊಂಡೆ. ಇಂಥ ಕಡೆ ಮೊದಲೇ ಹೋಗಿ ಎತ್ತರದ ಜಾಗ ಹಿಡಿಯಬೇಕು. ನಮ್ಮಲ್ಲಿ ಧಾರೆ ಹೊತ್ತಿಗೆ ಚಿಕ್ಕಪ್ಪ ಊಟದ ಹಾಲಿನಿಂದ ಮೇಜು ತರಿಸಿ ಅದರ ಮೇಲೆ ನಿಲ್ಲುತ್ತಿದ್ದರು.

ಆದರೆ ಓನಿಯ ಮುಖ ಕಾಣಲಿಲ್ಲ ಎಂದು ದೂರುವ ಮೊದಲು ಅವರ ತಾತನ ಕಥೆ ತಿಳಿಯಬೇಕು. ಆವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂತು ಅಂಕಲ್ ಅದನ್ನು ಹೇಳಿದರು. ನಾನೂ ಹೊರಡುವ ಮೊದಲು ಓದಿಕೊಂಡಿದ್ದೆ.

ಆ ಕಾಲದಲ್ಲಿ ಓನಿ ಇಫೆ ಬಿಟ್ಟು ಹೊರಗೆ ಕಾಲಿಡುವ ಹಾಗಿರಲಿಲ್ಲ. ಜನಕ್ಕೆ ಮುಖ ತೋರಿಸುವುದೂ ಇಲ್ಲ. ಯೊರುಬಾ ರಾಜರ ದೊಡ್ಡ ಕಿರೀಟ ನೋಡಿದ್ದೀರಾ? ಮಣಿಗಳ ಗೋಪುರ, ಮುಂದೆ ಮಣಿಸರದ ಪರದೆ. ಮುಖ ಮುಚ್ಚುವುದಕ್ಕೇ ಅದು ಇರುವುದು. ನೋಡಬೇಕಾದ್ದು ಕಿರೀಟವನ್ನು, ಮನುಷ್ಯನನ್ನಲ್ಲ. ಇಂಥ ಕಿರೀಟವನ್ನು ಯಾರು ಬೇಕಾದರೂ ಹಾಕುವ ಹಾಗಿಲ್ಲ. ಎಪೆ ಊರಿನ ಎಲೆಪೆ ಎಂಬ ರಾಜ ಅದನ್ನು ಹಾಕಿಕೊಂಡರು. ರೆಮೊ ನಾಡಿನ ರಾಜ ಅಕರಿಗ್ಬೊ ತಕರಾರು ತೆಗೆದರು. ಜಗಳ ಲಾಗೋಸ್‌ನ ಬ್ರಿಟಿಷ್ ಗವರ್ನರ್ ವಿಲಿಯಂ ಮ್ಯಾಕ್‌ಗ್ರೆಗರ್ ಬಳಿಗೆ ಹೋಯಿತು. ಕಿರೀಟದ ವಿಷಯ ಗವರ್ನರಿಗೆ ಏನು ಗೊತ್ತು? 1903ರಲ್ಲಿ ಅವರು ಓನಿಯನ್ನೇ ಲಾಗೋಸ್‌ಗೆ ಕರೆಸಿದರು. ಆಗಿನ ಓನಿ ಮೊದಲನೇ ಒಲುಬುಸೆ, ನಮ್ಮ ಸಿಜುವಾಡೆಯ ತಾತ.

ಓನಿ ಊರು ಬಿಟ್ಟ ಸುದ್ದಿ ಕೇಳಿ ಉಳಿದ ಯೊರುಬಾ ರಾಜರೂ ತಮ್ಮ ತಮ್ಮ ಅರಮನೆ ಬಿಟ್ಟು ಹೊರಬಿದ್ದರಂತೆ. ಅವರು ವಾಪಸ್ ಇಫೆ ಸೇರುವವರೆಗೂ ಒಳಗೆ ಹೋಗಲಿಲ್ಲವಂತೆ. ತಂದೆ ಮನೆಯಲ್ಲಿಲ್ಲದಾಗ ಮಕ್ಕಳು ಸಿಂಹಾಸನದ ಮೇಲೆ ಕೂರುವುದು ಹೇಗೆ? ಲಾಗೋಸ್‌ನಲ್ಲಿ ಓನಿ ಮರೆಯಲ್ಲಿ ಕೂತು, ಮುಖ ಕಾಣದ ಹಾಗೆ ಉತ್ತರ ಕೊಟ್ಟರು ಎನ್ನುತ್ತಾರೆ. ಎಲೆಪೆಗೆ ಆ ಕಿರೀಟದ ಹಕ್ಕಿಲ್ಲ ಅಂದರು. ಅಷ್ಟೇ. ಎದ್ದು ಊರಿಗೆ ಹೋದರು.

ಮೊಮ್ಮಗ ಕಾಲೇಜು ಓದಿದ್ದು ಇಂಗ್ಲೆಂಡಿನಲ್ಲಿ. ಪಟ್ಟಕ್ಕೆ ಬರುವ ಮೊದಲೇ ದೊಡ್ಡ ವ್ಯಾಪಾರಿ. ವಿಮಾನ ಹತ್ತಿ ಕಡಲು ದಾಟಿದರು, ಮುಖಕ್ಕೆ ಪರದೆ ಇಲ್ಲದೆ ಜನರ ನಡುವೆ ನಡೆದರು. ಇಫೆಯ ಎಲ್ಲಕ್ಕಿಂತ ದೊಡ್ಡ ಕಿರೀಟ ‘ಆರೆ’ಯನ್ನು ಹೇಗೂ ವರ್ಷಕ್ಕೊಮ್ಮೆ, ಓಲೊಜೊ ಹಬ್ಬದಲ್ಲಿ ಮಾತ್ರ ತೊಡುವುದು. 85 ವರ್ಷದಲ್ಲಿ ಮರೆಯೆಲ್ಲ ಸರಿದುಹೋಗಿತ್ತು. ಸರಿದಿದ್ದೇನು ಬಂತು, ಅಂಕಲ್ ಕ್ಯಾಮೆರಾಕ್ಕೆ ಛತ್ರಿ ಅಡ್ಡ ಬಂತಲ್ಲ!

ನಾಲ್ಕನೇ ದಿನ, ಜುಲೈ 30

ಟೇಪಿಗೆ ರಜೆ ಕೊಟ್ಟು ದಕ್ಷಿಣಕ್ಕೆ ಹೊರಟೆವು. ಅಂಕಲ್ ಕಾರು, ಅಂಕಲ್ ಡ್ರೈವಿಂಗ್. ಸ್ಟೀರಿಂಗ್ ಹಿಡಿಯುವ ಮೊದಲು ಡ್ಯಾಶ್‌ಬೋರ್ಡ್ ಮುಟ್ಟಿ ಏನೋ ಗೊಣಗಿದರು. ಓಗುನ್‌ಗೆ ನಮಸ್ಕಾರವಂತೆ. ಓಗುನ್ ಕಬ್ಬಿಣದ ದೇವರು. ಕಮ್ಮಾರ, ಬೇಟೆಗಾರ, ಸೈನಿಕ, ಡ್ರೈವರ್ ಎಲ್ಲರೂ ಅವನ ಕಡೆಯವರು. “ಕ್ರೇನ್ ಓಡಿಸುವಾಗಲೂ ದಿನಾ ಹೀಗೇ,” ಅಂದರು. ಆಯುಧಪೂಜೆಯ ದಿನ ಬಸ್ಸಿಗೆ ಬಾಳೆಕಂದು ಕಟ್ಟುವ ಊರಿನವನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

ದಾರಿಯಲ್ಲಿ ಕಾರಪಿಚೈಮಾದ ಹತ್ತಿರ 85 ಅಡಿ ಎತ್ತರದ ಹನುಮಂತ. ಕೆಂಪು ನೀಲಿ ಬಣ್ಣ ಬಳಿದು ಬಿಸಿಲಲ್ಲಿ ಹೊಳೆಯುತ್ತಿದ್ದ. ಪಕ್ಕದಲ್ಲೇ ದತ್ತಾತ್ರೇಯನ ದೇವಸ್ಥಾನ. ಕಟ್ಟಿಸಿದವರು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಇಷ್ಟು ದೂರ ಬಂದು ಮೈಸೂರಿನ ಹೆಸರು ಓದಿದಾಗ ಒಂಥರಾ ಖುಷಿಯಾಯಿತು, ಸುಳ್ಳು ಹೇಳಲ್ಲ. ಒಳಗೆ ಹೋಗಿ ಕೈಮುಗಿದು ಬಂದೆ. ಅಂಕಲ್ ಚಪ್ಪಲಿ ಕಾದರು.

ಮಾರಬೆಲ್ಲಾ ಹತ್ತಿರ ಟ್ಯಾಂಟಿಯ ಬಳಗದ ಒಬ್ಬ ಅಜ್ಜಿ ಇದ್ದಾರೆ. ಅವರ ಹಿತ್ತಿಲೇ ಗುಡಿ. ಇಲ್ಲಿ ಅದನ್ನು ಯಾರ್ಡ್ ಅಂತಾರೆ. ಒಂದು ಕಡೆ ತಗಡಿನ ಚಪ್ಪರ, ಮಣ್ಣಿನ ನೆಲ. ಅದು ಪಾಲೆ, ಕುಣಿಯುವ ಜಾಗ. ಪಕ್ಕದಲ್ಲಿ ಪುಟ್ಟ ಕೋಣೆ, ಶಾಪೆಲ್. ಅಂಗಳದ ಮೂಲೆಯಲ್ಲಿ ಬಿದಿರಿನ ಗಳು ನೆಟ್ಟು ಒಂದೊಂದು ದೇವರಿಗೆ ಒಂದೊಂದು ಬಣ್ಣದ ಬಾವುಟ ಕಟ್ಟಿದ್ದರು. ನಮ್ಮ ಹಳ್ಳಿಗಳ ಗ್ರಾಮದೇವತೆಯ ಗುಡಿಗೆ ಬಂದ ಹಾಗಿತ್ತು, ಬಾವುಟಗಳು ಮಾತ್ರ ಜಾಸ್ತಿ.

ಶಾಪೆಲ್ ಒಳಗೆ ಸಂತ ಮೈಕೆಲ್‌ನ ಚಿತ್ರ. ಕೆಳಗೆ ಓಗುನ್‌ನ ಮಚ್ಚು. ಗುಡುಗು ಮಿಂಚಿನ ಶಾಂಗೊ ಇಲ್ಲಿ ಸಂತ ಜಾನ್. ಗುಲಾಮರ ಒಡೆಯರು ತಮ್ಮ ದೇವರನ್ನೇ ಪೂಜಿಸಿ ಅಂದರು. ಇವರು ಚಿತ್ರ ಅವರದ್ದು ಇಟ್ಟುಕೊಂಡರು, ಪೂಜೆ ತಮ್ಮದು ಮಾಡಿಕೊಂಡರು. 1838ರಲ್ಲಿ ಗುಲಾಮಗಿರಿ ತೊಲಗಿದ ನಂತರವೂ ಯೊರುಬಾ ಜನ ಬರುತ್ತಲೇ ಇದ್ದರು. ಕಳ್ಳ ಗುಲಾಮಿ ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ಹಿಡಿದು, ಬಿಡಿಸಿದ ಜನರನ್ನು ಕೂಲಿಗೆ ಇಲ್ಲಿಗೆ ಕಳಿಸುತ್ತಿತ್ತು. ಅದಕ್ಕೇ ಇಲ್ಲಿ ಹಾಡು, ಮಂತ್ರಗಳು ಇಷ್ಟು ಉಳಿದಿವೆ. ನಮ್ಮವರು ಮೊದಲು ಬಂದಿದ್ದು 1845ರ ಮೇ 30ರಂದು, ಫತೆಲ್ ರಜಾಕ್ ಎಂಬ ಹಡಗಿನಲ್ಲಿ. 1917ರವರೆಗೆ ಸುಮಾರು 1,43,000 ಜನ ಬಂದರು. ಹೆಚ್ಚಿನವರು ಕಲ್ಕತ್ತಾದಿಂದ, ಒಂದಿಷ್ಟು ಜನ ಮದ್ರಾಸಿನಿಂದ. ಮದ್ರಾಸಿನವರು ತಂದ ಮಾರಿಯಮ್ಮ ಇಲ್ಲಿ ಕಾಳಿ ಮಾಯಿ. ಅವಳ ಮುಂದೆ ಇವತ್ತಿಗೂ ‘ತಪ್ಪು’ ಎಂಬ ವಾದ್ಯ ಬಾರಿಸುತ್ತಾರೆ, ಅಂದರೆ ನಮ್ಮ ತಮಟೆ.

ಅಜ್ಜಿಗೆ ಕಿವಿ ಮಂದ, ನೆನಪು ಚುರುಕು. ಡೋಲು ಬಾರಿಸಿದರೆ ಪೊಲೀಸ್ ಬರುತ್ತಿದ್ದ ಕಾಲ ಅವರಿಗೆ ನೆನಪಿದೆ. ಇಲ್ಲಿಯ ಸ್ಪಿರಿಚುವಲ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರ ಪ್ರಾರ್ಥನೆಯನ್ನೇ 1917ರಿಂದ 1951ರವರೆಗೆ ಕಾನೂನು ಮಾಡಿ ನಿಷೇಧಿಸಿದ್ದರು. ಒರಿಷಾ, ಅಂದರೆ ಯೊರುಬಾ ದೇವರುಗಳ ಪೂಜೆ ಮಾಡುವವರನ್ನಂತೂ ಮಾಟಗಾರರು ಎಂದು ಅಕ್ಕಪಕ್ಕದವರೇ ಮೂಗು ಮುರಿಯುತ್ತಿದ್ದರು. “ಅಂಥ ಊರಿಗೆ ಓನಿ ಬಂದರು. ಸರಕಾರವೇ ಬರಮಾಡಿಕೊಂಡಿತು. ಮರುದಿನ ನನ್ನ ಪಕ್ಕದ ಮನೆಯವಳು ಬಂದು ನಿಮ್ಮ ರಾಜರು ಹೇಗಿದ್ದಾರೆ ಅಂತ ಕೇಳಿದಳು. ಅದುವರೆಗೆ ಇಪ್ಪತ್ತು ವರ್ಷ ಮಾತಾಡಿಸಿರಲಿಲ್ಲ,” ಎಂದರು ಅಜ್ಜಿ.

ಸುಮ್ನೆ ಬಂದು ಹೋಗಲಿಲ್ಲ ಓನಿ. ಇಲ್ಲಿಯ ಒರಿಷಾ ಯಾರ್ಡ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದೆ ತಮ್ಮ ಪಾಡಿಗೆ ತಾವಿದ್ದವು. ಎಲ್ಲರಿಗೂ ಒಬ್ಬ ಹಿರಿಯರು ಬೇಕು ಎಂದು ಮಾರಬೆಲ್ಲಾದ ಮೆಲ್ವಿನಾ ರಾಡ್ನಿಯವರನ್ನು ಮುಖ್ಯಸ್ಥೆ ಮಾಡಿದರು. ಇಯಾ ರಾಡ್ನಿ ಎಂದೇ ಹೆಸರಾದ ಅವರು ಪಾ ನೀಜರ್ ಎಂಬ ದೊಡ್ಡ ಗುರುವಿನ ಶಿಷ್ಯೆ. ಆಗ ಪ್ರಧಾನಿಯಾಗಿದ್ದ ಎ.ಎನ್.ಆರ್. ರಾಬಿನ್ಸನ್ ಅವರಿಗೆ ಮುಂದೆ ಇಫೆಯಿಂದ ‘ಓಲೊಕುನ್ ಇಗ್ಬಾರೊ’ ಎಂಬ ಬಿರುದು ಸಿಕ್ಕಿತು. ಓಲೊಕುನ್ ಎಂದರೆ ಕಡಲ ದೇವತೆ. ದ್ವೀಪದ ಪ್ರಧಾನಿಗೆ ಒಪ್ಪುವ ಬಿರುದೇ. 1999ರಲ್ಲಿ ಒರಿಷಾ ಮದುವೆಗೆ ಕಾನೂನಿನ ಮಾನ್ಯತೆಯೂ ಬಂತು. ರಾಜತಾಂತ್ರಿಕ ಭೇಟಿ ಅಂದರೆ ಕೈಕುಲುಕಿ ಫೋಟೊ ತೆಗೆಸಿಕೊಳ್ಳುವುದು ಅಂತಲೇ ನಾನು ತಿಳಿದಿದ್ದೆ. ಈ ಅಜ್ಜಿಗೆ ಆ ಭೇಟಿಯಿಂದ ಸಿಕ್ಕಿದ್ದು ಪಕ್ಕದ ಮನೆಯವಳ ಮಾತು.

ವಾಪಸ್ ಬರುವಾಗ ಟ್ರಾಫಿಕ್. ಎರಡೂವರೆ ಗಂಟೆ.

ಐದನೇ ದಿನ, ಜುಲೈ 31

ಓನಿ 2.

ಈ ಸಲ ಅಂಕಲ್ ಜಾಗ ಚೆನ್ನಾಗಿ ಹಿಡಿದಿದ್ದಾರೆ. ಒಂದು ಮೈದಾನ. ಹಗ್ಗ ಕಟ್ಟಿದ ದಾರಿ, ಅದರ ಪಕ್ಕದಲ್ಲೇ ಅವರು. ಎಡಗಡೆ ಬಿಳಿ ಸೀರೆಯಂಥ ವಸ್ತ್ರ ಹೊದ್ದ ಒಬ್ಬ ಮುದುಕಿ, ಅವರಮ್ಮ. ಅಮ್ಮನ ತಾಯಿಯ ತಾಯಿ ಯೊರುಬಾ ನಾಡಿನಿಂದ ಬಂದವರು. ದೂರದಿಂದ ಛತ್ರಿ ಬರುತ್ತಿದೆ. ಜನ ಬಾಗುತ್ತಾ ಬಾಗುತ್ತಾ ಅಲೆಯ ಹಾಗೆ ಕೆಳಗೆ ಹೋಗುತ್ತಿದ್ದಾರೆ. ಗಂಡಸರು ನೆಲಕ್ಕೆ ಉದ್ದುದ್ದ ಅಡ್ಡಬೀಳುತ್ತಾರೆ, ಹೆಂಗಸರು ಮೊಣಕಾಲೂರುತ್ತಾರೆ. ಯೊರುಬಾ ರಾಜನ ಮುಂದೆ ನಡೆದುಕೊಳ್ಳುವ ರೀತಿ ಅದು. ಛತ್ರಿ ಇಪ್ಪತ್ತು ಅಡಿ. ಹದಿನೈದು. ಫೋಕಸ್ ಸರಿಯಾಗಿದೆ. ಬೆಳಕು ಸರಿಯಾಗಿದೆ. ಮಣಿಯ ಟೋಪಿ, ಬಿಳಿ ನಿಲುವಂಗಿ ಸ್ಪಷ್ಟ. ಮುಖ ಇನ್ನೇನು ಈ ಕಡೆ ತಿರುಗಬೇಕು.

ಆಗ ಚಿತ್ರ ಗಿರ್ರನೆ ತಿರುಗಿತು. ಆಕಾಶ, ಯಾರದೋ ಮೊಣಕೈ, ಆಮೇಲೆ ಹುಲ್ಲು. ಹುಲ್ಲು. ಪರದೆ ತುಂಬ ಹಸಿರು ಹುಲ್ಲು, ಅಡ್ಡಡ್ಡವಾಗಿ.

“ಕ್ಯಾಮೆರಾ ಬಿತ್ತಾ?” ಕೇಳಿದೆ.

“ಇಟ್ಟೆ,” ಎಂದರು ಅಂಕಲ್. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಅಡ್ಡಬಿದ್ದೆ.”

ಟ್ಯಾಂಟಿ ಸೌಟು ಹಿಡಿದೇ ಬಂದರು. “ನನ್ನ ಫ್ರಿಜ್ ದುಡ್ಡಲ್ಲಿ ಕ್ಯಾಮೆರಾ ತಗೊಂಡ್ರು. ರಾಜರು ಮೂರಡಿ ದೂರಕ್ಕೆ ಬಂದಾಗ ಹುಲ್ಲು ತೆಗೆದ್ರು,” ಎಂದು ನನಗೆ ಹೇಳಿದರು. ಎಷ್ಟು ಸಲ ಹೇಳಿದ ಮಾತೋ, ಒಂದಕ್ಷರ ತಡವರಿಸಲಿಲ್ಲ.

ಹುಲ್ಲಿನ ಆ ಕಡೆ ಒಂದು ಜೊತೆ ಬಿಳಿ ಪಾದರಕ್ಷೆ ಬಂತು, ನಿಂತಿತು, ಹೋಯಿತು. ಅದರ ಹಿಂದೆ ಇನ್ನಷ್ಟು ಕಾಲುಗಳು. ಅಷ್ಟೇ ಚಿತ್ರ. ಆದರೆ ಮೈಕ್ ಕೆಲಸ ಮಾಡುತ್ತಿತ್ತು. “ಕಾಬಿಯೆಸಿ! ಕಾಬಿಯೆಸಿ!” ಎಂದು ಜನ ಕೂಗುತ್ತಿದ್ದರು. ನಿನ್ನನ್ನು ಪ್ರಶ್ನಿಸುವವರಿಲ್ಲ ಎನ್ನುವುದು ಅದರ ಅರ್ಥ. ಎಲ್ಲರ ದನಿಗಿಂತ ಹತ್ತಿರದಲ್ಲಿ ಒಂದು ತೆಳ್ಳನೆಯ ಮುದಿ ದನಿ. ಏನೋ ಹಾಡುತ್ತಿತ್ತು, ನಾಲ್ಕೇ ಸಾಲು, ಮತ್ತೆ ಮತ್ತೆ. ಅಂಕಲ್‌ಗೂ ಅದರ ಪೂರ್ತಿ ಅರ್ಥ ಗೊತ್ತಿಲ್ಲ. ಯಾರ್ಡಿನಲ್ಲಿ ಎಲ್ಲರೂ ಹಾಡುತ್ತಾರೆ, ಮಾತು ಮರೆತುಹೋಗಿದೆ. ಆ ದನಿ ಅವರಮ್ಮನದು. ಮೂರು ವರ್ಷಕ್ಕೆ ಅವರು ತೀರಿಕೊಂಡರು. ಬೇರೆ ಯಾವ ಟೇಪಿನಲ್ಲೂ ಅವರ ದನಿ ಇಲ್ಲ.

ಎರಡು ನಿಮಿಷ ಹತ್ತು ಸೆಕೆಂಡಿನ ನಂತರ ಟ್ಯಾಂಟಿಯ ಎಳೆ ದನಿ ಕೇಳುತ್ತದೆ: “ಏಳಿ, ಏಳಿ, ಹೋದ್ರು!”

ಈಗಿನ ಟ್ಯಾಂಟಿ ಸೌಟು ಕೆಳಗಿಟ್ಟು ಸೋಫಾದಲ್ಲಿ ಕೂತರು. “ಇನ್ನೊಂದು ಸಲ ಹಾಕು,” ಎಂದರು. ಆರು ಸಲ ಹಾಕಿದೆ.

ಚಿಕ್ಕಪ್ಪನದ್ದು ಒಂದು ನಿಯಮ ಇತ್ತು. ಕ್ಯಾಮೆರಾದವನ ಕೈಗೆ, ಲೈಟಿನವನ ಕೈಗೆ ಯಾರೂ ಅಕ್ಷತೆ ಕೊಡಬಾರದು. “ನಾವು ಮದುವೆಗೆ ಬಂದವರಲ್ಲ, ಕೆಲಸಕ್ಕೆ ಬಂದವರು” ಅನ್ನುತ್ತಿದ್ದರು. ನಮ್ಮಕ್ಕನ ಮದುವೆಯಲ್ಲಿ ಗಟ್ಟಿಮೇಳ ಶುರುವಾದಾಗ ಅಜ್ಜಿ ನನ್ನ ಕೈಗೆ ಅಕ್ಷತೆ ತುರುಕಿದರು. ಎಸೆಯದೆ ಇರುವುದು ಹೇಗೆ? ಲೈಟು ಪಕ್ಕಕ್ಕೆ ವಾಲಿತು. ಇವತ್ತಿಗೂ ಅಕ್ಕನ ಮದುವೆ ವಿಡಿಯೋದಲ್ಲಿ ತಾಳಿ ಕಟ್ಟುವುದು ಕತ್ತಲೆ. ಚಿಕ್ಕಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಇದನ್ನು ಹೇಳಿದೆ. ಅಂಕಲ್ ಗಟ್ಟಿಯಾಗಿ ನಕ್ಕು ನನ್ನ ಬೆನ್ನಿಗೆ ಒಂದು ಬಿಟ್ಟರು. ಕ್ರೇನಿನ ಕೈ, ಚುರುಕ್ ಅಂತು.

ಆರನೇ ದಿನ, ಆಗಸ್ಟ್ 1

ಬಿಡುಗಡೆಯ ದಿನ. ಇದಕ್ಕೆ ರಾಷ್ಟ್ರೀಯ ರಜೆ ಕೊಟ್ಟ ಮೊದಲ ದೇಶ ಟ್ರಿನಿಡಾಡ್, 1985ರಲ್ಲಿ. ಅದಕ್ಕೂ ಮೊದಲು ಈ ಹೊತ್ತಿಗೆ ಆಚರಿಸುತ್ತಿದ್ದುದು ಕೊಲಂಬಸ್ ಈ ದ್ವೀಪವನ್ನು ‘ಕಂಡುಹಿಡಿದ’ ದಿನವನ್ನು. ಯಾರದ್ದು ಬಿಟ್ಟು ಯಾರದ್ದು ಹಿಡಿದರು ನೋಡಿ.

ಬೆಳಿಗ್ಗೆ ಟ್ರೆಜರಿ ಕಟ್ಟಡದ ಮುಂದಿನಿಂದ ಮೆರವಣಿಗೆ ಹೊರಟಿತು. ಬಣ್ಣ ಬಣ್ಣದ ಆಫ್ರಿಕನ್ ಬಟ್ಟೆ, ಡೋಲು, ಸ್ಟೀಲ್ ಪ್ಯಾನ್. ಡೋಲಿಗೆ ನಿಷೇಧ ಬಿದ್ದಾಗ ಬಿದಿರು ಬಡಿದು, ಆಮೇಲೆ ಡಬ್ಬ, ಡ್ರಮ್ಮು ಬಡಿದು ಕಡೆಗೆ ಹುಟ್ಟಿದ ವಾದ್ಯ ಈ ಪ್ಯಾನ್. ನಾನು ಫೋನ್ ಎತ್ತಿ ಹಿಡಿದು ನಡೆಯುತ್ತಲೇ ತೆಗೆದೆ. ಸುತ್ತ ನೋಡಿದರೆ ಎಲ್ಲರ ಕೈಯಲ್ಲೂ ಫೋನ್. 1988ರಲ್ಲಿ ಓಣಿಗೊಂದು ಕ್ಯಾಮೆರಾ ಇರಲಿಲ್ಲ. ಅಂಕಲ್ ಮಾತ್ರ ಕೈ ಖಾಲಿ ಬಿಟ್ಟುಕೊಂಡು ಕುಣಿಯುತ್ತಾ ಬಂದರು.

ಕ್ವೀನ್ಸ್ ಪಾರ್ಕ್ ಸವಾನಾದಲ್ಲಿ ಮೆರವಣಿಗೆ ಮುಗಿಯಿತು. ಅಲ್ಲಿ ಎಳನೀರು ಕುಡಿದೆ. ತಿಪಟೂರಿನವನು ಎಳನೀರಿಗೆ ಸುಲಭಕ್ಕೆ ಸರ್ಟಿಫಿಕೇಟ್ ಕೊಡಲ್ಲ. ನೀರು ಸಿಹಿ, ಗಂಜಿ ತೆಳು. ಕೊಚ್ಚುವ ಕೈ ಮಾತ್ರ ನಮ್ಮವರಷ್ಟೇ ಪಳಗಿದ್ದು. ಇದಕ್ಕಿಂತ ಹೆಚ್ಚು ಹೇಳಲಾರೆ.

ಏಳನೇ ದಿನ, ಆಗಸ್ಟ್ 2

ಸಂಜೆ ವಿಮಾನ. ಓನಿ 3 ಒಂದು ಬಾಕಿ. “ಮುಖ ಇರೋದು ಇದರಲ್ಲೇ. ವೇದಿಕೆ, ಭಾಷಣ, ಎಲ್ಲ ಹತ್ತಿರದಿಂದ,” ಎಂದು ಅಂಕಲ್ ಮೊದಲ ದಿನದಿಂದ ಹೇಳುತ್ತಿದ್ದರು. ಹನ್ನೊಂದಕ್ಕೆ ಹಾಕಿದೆ. ಅಕ್ಕಪಕ್ಕದ ಮನೆಯವರೂ ಬಂದು ಕೂತಿದ್ದರು.

ವೇದಿಕೆ ಬಂತು. ಹೂವು, ಮೈಕ್, ಕೋಟು ಹಾಕಿದವರು. ಯಾರೋ ಸ್ವಾಗತ ಕೋರುತ್ತಾರೆ. ನಡುವಿನ ಕುರ್ಚಿಯಿಂದ ಓನಿ ಏಳುತ್ತಾರೆ. ಅಂಕಲ್ ಜೂಮ್ ಮಾಡುತ್ತಾರೆ. ಬಿಳಿ ನಿಲುವಂಗಿ, ಹವಳದ ಸರ, ಗಲ್ಲ—

ಪರದೆ ಒಮ್ಮೆ ಮಿಣುಕಿತು. ಬಿಳಿ ಬಟ್ಟೆಯ ಇನ್ಯಾರೋ ಓಡಿ ಬರುತ್ತಿದ್ದರು. ಉದ್ದ ಕಾಲಿನ ಎಳೆ ಹುಡುಗ. ಬಾಲ್ ಎಸೆದ.

ಯಾರೂ ಮಾತಾಡಲಿಲ್ಲ.

“ಬಿಷಪ್,” ಎಂದರು ಅಂಕಲ್ ಮೆಲ್ಲಗೆ.

ಇಯಾನ್ ಬಿಷಪ್. ಈಗ ನಾವು ಕಾಮೆಂಟರಿಯಲ್ಲಿ ಕೇಳುವ ಅದೇ ಬಿಷಪ್. ಹುಟ್ಟಿದ್ದು ಇದೇ ಬೆಲ್ಮಾಂಟ್‌ನಲ್ಲಿ. 1989ರಲ್ಲಿ ಭಾರತ ತಂಡ ವೆಸ್ಟ್ ಇಂಡೀಸ್‌ಗೆ ಬಂದಾಗ ಟೆಸ್ಟ್ ಆಡಲು ಶುರು ಮಾಡಿದರು. ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಪಂದ್ಯ. ಓಣಿಯ ಹುಡುಗ ಸ್ವಂತ ಊರಿನಲ್ಲಿ ಬೌಲಿಂಗ್ ಮಾಡುತ್ತಿದ್ದಾನೆ, ಮನೆಯಲ್ಲಿ ಖಾಲಿ ಕ್ಯಾಸೆಟ್ ಇಲ್ಲ. ಕೈಗೆ ಸಿಕ್ಕಿದ್ದನ್ನು ಅಂಕಲ್ ಹಾಕಿದ್ದರು. ನನಗೆ ಬೇರೇನೂ ಹೇಳಲು ಬಾಯಿ ಬರಲಿಲ್ಲ. ತಿಪಟೂರಿನಲ್ಲಿ ಒಬ್ಬರ ಮದುವೆ ಕ್ಯಾಸೆಟ್ ಮೇಲೆ ಅವರ ಮಾವನೇ ಟೀವಿ ರಾಮಾಯಣ ರೆಕಾರ್ಡ್ ಮಾಡಿದ್ದರು. ಸಪ್ತಪದಿ ಮುಗಿಯುವ ಮೊದಲೇ ಸೀತಾಪಹರಣ.

ಟ್ಯಾಂಟಿ ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗಿನಂಥ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗು ನಿಲ್ಲಲೇ ಇಲ್ಲ. ಆಮೇಲೆ ಎಲ್ಲರೂ ನಕ್ಕರು.

ನಾನು ಟೇಪ್ ನಿಲ್ಲಿಸಲು ಕೈ ಹಾಕಿದೆ. ಅಂಕಲ್ ತಡೆದರು. “ಇರಲಿ. ಅದನ್ನೂ ಪೂರ್ತಿ ಇಳಿಸು. ನಿಮ್ಮವರು ಎಷ್ಟಕ್ಕೆ ಔಟಾದ್ರು ಹೇಳು?”

“ಮೊದಲನೇ ಇನ್ನಿಂಗ್ಸ್ 150.”

“ಗೊತ್ತಿದ್ದೇ ಕೇಳಿದೆ.”

ಆ ಪಂದ್ಯದಲ್ಲಿ ಮಾಲ್ಕಂ ಮಾರ್ಷಲ್ ಒಬ್ಬರೇ ಹನ್ನೊಂದು ವಿಕೆಟ್ ತೆಗೆದರು. ನಾವು ಸೋತಿದ್ದು 217 ರನ್ನಿನಿಂದ. ಟೇಪ್ ಇಳಿಸುವುದೆಂದರೆ ಎಷ್ಟು ಹೊತ್ತಿನ ಟೇಪೋ ಅಷ್ಟು ಹೊತ್ತು ಕಾಯಲೇಬೇಕು, ಬೇರೆ ದಾರಿ ಇಲ್ಲ. ಎರಡು ಗಂಟೆ ನಮ್ಮವರು ಔಟಾಗುವುದನ್ನು ಅವರೆಲ್ಲರ ಜೊತೆ ಕೂತು ನೋಡಿದೆ. ಊಟಕ್ಕೆ ಮೀನಿನ ಅಕ್ರಾ ಕೊಟ್ಟರು. ಅದೂ ಯೊರುಬಾ ಹೆಸರೇ, ‘ಅಕರಾ’. ಅಲ್ಲಿ ಅಲಸಂದೆ ರುಬ್ಬಿ ಕರಿಯುತ್ತಾರೆ, ಇಲ್ಲಿ ಉಪ್ಪುಮೀನು.

ಹುಲ್ಲಿನ ಎರಡು ನಿಮಿಷವನ್ನು ಬೇರೆ ಫೈಲ್ ಮಾಡಿ ಟ್ಯಾಂಟಿಯ ಫೋನಿಗೆ ಹಾಕಿಕೊಟ್ಟೆ. ವಿಸಿಆರನ್ನು ಅಲ್ಲೇ ಬಿಟ್ಟೆ. ಖಾಲಿಯಾದ ಜಾಗಕ್ಕೆ ಟ್ಯಾಂಟಿ ಎರಡು ಬಾಟಲಿ ಕುಚೇಲಾ ತುರುಕಿದರು. ನಮ್ಮ ಮಾವಿನಕಾಯಿ ತೊಕ್ಕಿನ ಅಕ್ಕ ಇದು, ಖಾರ ಮಾತ್ರ ಒಂದು ಕೈ ಮೇಲು. ಟ್ಯಾಕ್ಸಿ ಬಂದು ಹಾರ್ನ್ ಹೊಡೆಯಿತು. ಬಾಗಿಲವರೆಗೆ ಬಂದ ಅಂಕಲ್ ನನ್ನನ್ನು ಅಪ್ಪಿಕೊಂಡು, ಮತ್ತೆ ಒಳಗೆ ಓಡಿದರು. ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದ್ದರು.

ಟ್ಯಾಕ್ಸಿ ಓಣಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದಾಗ ಮನೆಯೊಳಗಿನಿಂದ ಕೂಗು ಕೇಳಿಸಿತು. ಇನ್ನೊಬ್ಬ ಔಟ್.